ಹೊಳೆ ನಡುವೆ ನಿಲ್ಲುವ ಇಂಜಿನ್

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಈ ಶುಭ ಸಂದರ್ಭದಲ್ಲಿ 'ಸಹಕಾರ ಮತ್ತು ಗ್ರಾಮಾಭಿವೃದ್ಧಿ' ಎಂಬ ವಿಷಯದ ಮೇಲೆ ನಾಲ್ಕು ಮಾತಾಡಿ ಅಂತ ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದ್ದರು. ಆ ವಿಷಯ ನಮಗಿಂತ ಚೆನ್ನಾಗಿ ಬಲ್ಲವರು ವೇದಿಕೆಯ ಮೇಲೇ ಇದ್ದಾರೆ. ನಾವು ಎಸ್.ಎಸ್.ಎಲ್.ಸಿ. ಮುಗಿಸಿ ಟಿಲ್ಲರ್ ಹಿಡಿದವರು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಥೆಯನ್ನು ನೀವು ಪ್ರತಿ ವರ್ಷ ನವೆಂಬರಿನ ಸಹಕಾರ ಸಪ್ತಾಹದಲ್ಲಿ ಕೇಳಿಯೇ ಇರುತ್ತೀರಿ. ಆದ್ದರಿಂದ ಅದನ್ನು ಬಿಟ್ಟು, ನಮ್ಮ ಸಂಘದ ದೋಣಿಯ ಇಂಜಿನ್ನಿನ ವಿಷಯ ಹೇಳುತ್ತೇವೆ. ಇದರಲ್ಲಿ ನಮ್ಮದೊಂದು ತಪ್ಪೂ ಇದೆ. ಮಹಾಸಭೆಯ ವರದಿಯಲ್ಲಿ ಅದನ್ನು 'ದೋಣಿ ದುರಸ್ತಿ ಖರ್ಚು' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೆವು. ಅಷ್ಟಕ್ಕೆ ಮುಗಿಯುವಂಥದ್ದಲ್ಲ ಅಂತ ನಮಗೆ ಆವತ್ತೇ ಅನ್ನಿಸಿತ್ತು.

ನಮ್ಮ ಕುದ್ರುವಿನ ಪರಿಸ್ಥಿತಿ ನಿಮಗೆ ಗೊತ್ತಿದ್ದದ್ದೇ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಈ ಐದೂ ಹೊಳೆಗಳ ನೀರು ನಮ್ಮ ಕಣ್ಣೆದುರಿಗೇ ಸೇರಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಇಳಿಯುತ್ತದೆ. ಬೇಸಿಗೆಯಲ್ಲಿ ಮಗು ಹುಟ್ಟು ಹಾಕಿದರೂ ದೋಣಿ ದಾಟುತ್ತದೆ. ಆಷಾಢದಲ್ಲಿ ಅದೇ ಹೊಳೆ ಬೇರೆ. ಗೊಬ್ಬರದ ಚೀಲ, ಬಿತ್ತನೆ ಬೀಜ, ಅಕ್ಕಿ, ಗ್ಯಾಸ್ ಸಿಲಿಂಡರ್ ಎಲ್ಲವೂ ದೋಣಿಯಲ್ಲೇ ಬರಬೇಕು, ತೆಂಗಿನಕಾಯಿ ದೋಣಿಯಲ್ಲೇ ಹೋಗಬೇಕು. ಹೈಸ್ಕೂಲಿಗೆ ಹೋಗುವ ಮಕ್ಕಳೂ ಅದರಲ್ಲೇ. ಅದಕ್ಕಾಗಿಯೇ ಸಂಘದಿಂದ ಒಂದು ಫೈಬರ್ ದೋಣಿಯನ್ನೂ 9.9 ಅಶ್ವಶಕ್ತಿಯ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಇಂಜಿನ್ನನ್ನೂ ತಂದದ್ದು.

2023ರ ಜುಲೈ ತಿಂಗಳು. ಆ ವರ್ಷ ಮಳೆ ತಡವಾಗಿ ಹಿಡಿಯಿತು, ಹಿಡಿದ ಮೇಲೆ ಬಿಡಲಿಲ್ಲ. ಆಗ ನಮ್ಮ ಇಂಜಿನ್‌ಗೆ ಒಂದು ವಿಚಿತ್ರ ಕಾಯಿಲೆ ಶುರುವಾಯಿತು. ಕಡವಿನಲ್ಲಿ ಒಂದೇ ಎಳೆತಕ್ಕೆ ಸ್ಟಾರ್ಟ್ ಆಗುತ್ತದೆ. ಹತ್ತು ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ. ಆಮೇಲೆ ದಮ್ಮು ಹತ್ತಿದವರ ಹಾಗೆ ಏದುಸಿರು ಬಿಟ್ಟು, ಶಬ್ದ ಇಳಿದು, ನಿಂತುಬಿಡುತ್ತದೆ. ದೋಣಿಯವರು ಟ್ಯಾಂಕಿನ ಮುಚ್ಚಳ ತೆಗೆದು ಪೆಟ್ರೋಲ್ ನೋಡಿ, ಮುಚ್ಚಿ, ರಬ್ಬರ್ ಬಲ್ಬು ಒತ್ತಿ, ಹಗ್ಗ ಎಳೆದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಪೇಟೆಯ ಗ್ಯಾರೇಜಿಗೆ ಒಯ್ದರೆ ಅಲ್ಲಿ ನೀರಿನ ಡ್ರಮ್ಮಿನಲ್ಲಿ ಇಟ್ಟು ಐದು ನಿಮಿಷ ಓಡಿಸಿ, 'ಎಂತ ಮಾರಾಯ್ರೆ, ಸಮ ಇತ್ತಲ್ಲ' ಅಂತ ವಾಪಸ್ ಕೊಡುತ್ತಾರೆ. ಮೂರು ಸಲ ಒಯ್ದೆವು. ಒಂದು ಸಲ ಪ್ಲಗ್ ಬದಲಾಯಿತು, ಒಂದು ಸಲ ಕಾರ್ಬೊರೇಟರ್ ಬಿಚ್ಚಿ ತೊಳೆದರು, ಮೂರನೇ ಸಲ ಕಾಯಿಲ್ ಹೋಗಿರಬಹುದು ಅಂತ ಹೇಳಿ ಅದನ್ನೂ ಹಾಕಿದರು. ನಾಲ್ಕು ಸಾವಿರದ ಮೇಲೆ ಖರ್ಚಾಯಿತು. ಕಾಯಿಲೆ ಹಾಗೇ ಇತ್ತು. ಅವರದ್ದೂ ತಪ್ಪು ಅನ್ನಲಾರೆವು. ಡಾಕ್ಟರ ಎದುರಿಗೆ ಕೂತಾಗ ಮಾತ್ರ ಜ್ವರ ಇಲ್ಲದ ರೋಗಿಗೆ ಯಾರು ಔಷಧಿ ಕೊಡುತ್ತಾರೆ?

ಒಂದು ಸಂಜೆ ನಡೆದದ್ದನ್ನು ಹೇಳಲೇಬೇಕು. ದೋಣಿಯಲ್ಲಿ ಏಳು ಜನ, ಎಂಟು ಚೀಲ ಯೂರಿಯಾ. ಏಳು ಜನರಲ್ಲಿ ಇಬ್ಬರು ಹೈಸ್ಕೂಲು ಹುಡುಗಿಯರು, ಒಬ್ಬರು ತುಂಬು ಗರ್ಭಿಣಿ. ಇಳಿತದ ಹೊತ್ತು, ಮೇಲಿಂದ ನೆರೆ ನೀರು ಬೇರೆ. ನಡು ಹೊಳೆಯಲ್ಲಿ ಇಂಜಿನ್ ನಿಂತಿತು. ಆವತ್ತು ಎರಡು ಸಲ ಎಳೆದರೂ ಹೊರಡಲಿಲ್ಲ. ದೋಣಿ ಅಡ್ಡ ತಿರುಗಿ ಅಳಿವೆಯ ಕಡೆ ಹೊರಟಿತು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ದೊಡ್ಡ ಬೋಟುಗಳೆಲ್ಲ ಧಕ್ಕೆಯಲ್ಲಿ ಕಟ್ಟಿ ಹಾಕಿದ್ದವು, ಕೂಗಿದರೆ ಕೇಳುವವರಿಲ್ಲ. ದೋಣಿಯವರು ಇಂಜಿನ್ ಬಿಟ್ಟು ಮೊದಲು ಲಂಗರು ಎಸೆದರು. ಅದು ಎರಡು ಸಲ ಜಾರಿ ಮೂರನೇ ಸಲ ಕಚ್ಚಿತು. ಆಮೇಲೆ ಒಂದು ನಾಡದೋಣಿಯವರು ನೋಡಿ ಬಂದು ಎಳೆದು ದಡ ಸೇರಿಸಿದರು. ಎರಡು ಚೀಲ ಯೂರಿಯಾ ನೆನೆದು ಹೋಯಿತು, ಜೀವಕ್ಕೆ ಏನೂ ಆಗಲಿಲ್ಲ. ಆ ತಾಯಿಯ ಮಗು ಈಗ ಅಂಗನವಾಡಿಗೆ ಬರುತ್ತದೆ.

ಮರುದಿನ ಆಡಳಿತ ಮಂಡಳಿಯ ತುರ್ತು ಸಭೆ. ಅಲ್ಲಿ ಒಂದು ಮಾತು ಬಂತು. ಇಂಜಿನ್ ನಿಂತಾಗಲೆಲ್ಲ ದೋಣಿಯವರು ಟ್ಯಾಂಕಿನ ಮುಚ್ಚಳ ಯಾಕೆ ತೆಗೆಯುತ್ತಾರೆ? ಪೆಟ್ರೋಲ್ ಮುಗಿದಿದೆಯೋ ಅಂತ ನೋಡಲಿಕ್ಕೆ. ಪೆಟ್ರೋಲ್ ಯಾಕೆ ಮುಗಿಯುತ್ತದೆ? ಅಷ್ಟು ಸಾಕಾಯಿತು. ಪೆಟ್ರೋಲ್ ಮಾರಿಕೊಂಡು ಸೀಮೆಎಣ್ಣೆ ಬೆರೆಸುತ್ತಾರೆ ಎಂಬವರೆಗೆ ಮಾತು ಹೋಯಿತು. ಅವರನ್ನು ಕರೆದು ಕೇಳಿದೆವು. ಅವರು ಹೇಳಿದ್ದು ಇಷ್ಟೇ: "ಮುಚ್ಚಳ ತೆಗ್ದ್ರೆ ಹೊರಡತ್ತ್ ಮಾರಾಯ್ರೆ. ಎಂತಕೆ ಅಂದೇಳಿ ನಂಗೊತ್ತಿಲ್ಲ. ಟ್ಯಾಂಕ್ ಫುಲ್ ಇದ್ರೆ ಬೇಗ ನಿಲ್ತತ್ತ್, ಅರ್ಧ ಇದ್ರೆ ತಡ್ದ್ ನಿಲ್ತತ್ತ್." ನಾವು ನಕ್ಕೆವು. ಪೆಟ್ರೋಲ್ ತುಂಬಿದ್ದಾಗ ಬೇಗ ನಿಲ್ಲುವ ಇಂಜಿನ್ ಎಲ್ಲಾದರೂ ಉಂಟೇ ಅಂತ. ಹದಿನೈದು ದಿನ ಅವರನ್ನು ಕೆಲಸದಿಂದ ನಿಲ್ಲಿಸುವುದು ಅಂತ ಠರಾವಾಯಿತು. ಕೈ ಎತ್ತಿದವರಲ್ಲಿ ನಾವೂ ಇದ್ದೆವು.

ಬದಲಿಗೆ ನಮ್ಮ ನೆರೆಮನೆಯ ಹುಡುಗನನ್ನು ಹಾಕಿದೆವು. ಪೆಟ್ರೋಲನ್ನು ಬಂಕಿನಿಂದ ನಾವೇ ತಂದು, ನಾವೇ ಅಳೆದು, ಒಂದು ಲೀಟರಿಗೆ 20 ಮಿಲಿಯಂತೆ ಟೂ-ಸ್ಟ್ರೋಕ್ ಆಯಿಲ್ ಹಾಕಿ, ಟ್ಯಾಂಕ್ ತುಂಬಿಸಿ ಕೊಟ್ಟೆವು. ಮೂರನೇ ದಿನ ಮಳೆ ಹೊಯ್ಯುತ್ತಿದ್ದಾಗ ಇಂಜಿನ್ ನಡು ಹೊಳೆಯಲ್ಲಿ ನಿಂತಿತು. ದೋಣಿಯಲ್ಲಿ ನಾವೂ ಇದ್ದೆವು. ಕದಿಯುವವರು ಯಾರೂ ಇರಲಿಲ್ಲ.

ಆ ಸಂಜೆ ದೋಣಿಯವರ ಮನೆಗೆ ಹೋದೆವು. ಜಗಲಿ ಹತ್ತಲಿಕ್ಕೆ ಕಾಲು ಬರಲಿಲ್ಲ. ಅವರು ಬಲೆ ಹೆಣೆಯುತ್ತಾ ಕೂತಿದ್ದರು. ಚಾ ಬಂತು, ಮಾತು ಬರಲಿಲ್ಲ. ಕೊನೆಗೆ ಅವರೇ ಎದ್ದು, "ಬೆಳಿಗ್ಗೆ ಕಡವಿನಂಗೇ ಕಾಂಬ" ಅಂದರು.

ಮರುದಿನ ಬೆಳಿಗ್ಗೆ ಅವರು ಮಾಡಿದ ಪರೀಕ್ಷೆ ಗ್ಯಾರೇಜಿನಲ್ಲಿ ಮಾಡಿದ್ದಲ್ಲ. ದೋಣಿಯನ್ನು ದಪ್ಪ ಹಗ್ಗದಲ್ಲಿ ಕಡವಿನ ಕಂಬಕ್ಕೆ ಕಟ್ಟಿ, ಹೊಳೆಯಲ್ಲಿ ಹೇಗೆ ಓಡುತ್ತದೋ ಹಾಗೇ ಗೇರ್ ಹಾಕಿ, ಪೂರಾ ಥ್ರಾಟಲ್ ಕೊಟ್ಟು ಬಿಟ್ಟರು. ಖಾಲಿ ಗೇರಿನಲ್ಲಿ ಇಂಜಿನ್ ಕುಡಿಯುವ ಪೆಟ್ರೋಲೇ ಬೇರೆ, ಭಾರ ಎಳೆಯುವಾಗ ಕುಡಿಯುವುದೇ ಬೇರೆ. ಟ್ಯಾಂಕ್ ತುಂಬಿತ್ತು, ಮಳೆಗಾಲದ ವ್ಯವಸ್ಥೆ ಎಲ್ಲ ಹಾಗೇ ಇತ್ತು. ಗಡಿಯಾರ ನೋಡುತ್ತಾ ಕೂತೆವು. ಹನ್ನೆರಡನೇ ನಿಮಿಷಕ್ಕೆ ಏದುಸಿರು ಶುರು. ಆಗ ಅವರು ಪೈಪಿನ ನಡುವಿನ ರಬ್ಬರ್ ಬಲ್ಬನ್ನು ನಮ್ಮ ಕೈಗೆ ಕೊಟ್ಟರು. ಹೀರಿ ಬಿಸಾಡಿದ ಮಾವಿನಹಣ್ಣಿನ ಹಾಗೆ ಚಪ್ಪಟೆಯಾಗಿತ್ತು! ಹಲಗೆಯ ಅಡಿಯಿಂದ ಟ್ಯಾಂಕ್ ಎಳೆದು ನೋಡಿದರೆ ಅದರ ಹೊಟ್ಟೆಯೂ ಒಳಗೆ ಹೋಗಿತ್ತು. ಇಂಜಿನ್ ನಿಂತಿತು. ಸುತ್ತ ಸದ್ದಿಲ್ಲ. ಅವರು ಮುಚ್ಚಳವನ್ನು ನಿಧಾನವಾಗಿ ತಿರುಗಿಸಿದರು. 'ಸುಂಯ್' ಅಂತ ಗಾಳಿ ಒಳಗೆ ಹೋದ ಶಬ್ದ. ಟ್ಯಾಂಕಿನ ಹೊಟ್ಟೆ 'ಟಕ್' ಅಂತ ಮೊದಲಿನ ಹಾಗಾಯಿತು.

ಔಟ್‌ಬೋರ್ಡಿನ ಟ್ಯಾಂಕಿನ ಮುಚ್ಚಳದ ಮೇಲೆ ಗಾಳಿಗೆ ಒಂದು ಸಣ್ಣ ತಿರುಪು ಇರುತ್ತದೆ. ಒಳಗಿನ ಪೆಟ್ರೋಲ್ ಖರ್ಚಾದ ಹಾಗೆ ಆ ಜಾಗಕ್ಕೆ ಗಾಳಿ ಬರಬೇಕು. ಬರದಿದ್ದರೆ ಟ್ಯಾಂಕಿನ ಒಳಗೆ ಎಳೆತ ಹುಟ್ಟಿ, ಇಂಜಿನ್ನಿನ ಸಣ್ಣ ಪಂಪಿಗೆ ಪೆಟ್ರೋಲ್ ಎಳೆಯಲಿಕ್ಕೆ ಆಗುವುದಿಲ್ಲ. ಟ್ಯಾಂಕ್ ತುಂಬಿದ್ದರೆ ಮೇಲೆ ಗಾಳಿಯ ಜಾಗ ಕಡಿಮೆ, ಎಳೆತ ಬೇಗ ಹುಟ್ಟುತ್ತದೆ. ಅರ್ಧ ಇದ್ದರೆ ತಡವಾಗುತ್ತದೆ. ನಾವು ನಕ್ಕ ಮಾತೇ ನಿಜವಾದ ಸುಳಿವಾಗಿತ್ತು. ಬೇಸಿಗೆಯಲ್ಲಿ ಆರೇಳು ನಿಮಿಷಕ್ಕೆ ಹೊಳೆ ದಾಟುತ್ತಿದ್ದೆವು, ನೆರೆಯಲ್ಲಿ ಮೇಲಕ್ಕೆ ಸುತ್ತಿ ಬರಲು ಇಪ್ಪತ್ತು ನಿಮಿಷ ಬೇಕು. ನಿಲ್ಲುವುದು ಯಾವಾಗಲೂ ನಡುವಿನಲ್ಲೇ ಯಾಕೆ ಎಂಬುದಕ್ಕೂ ಉತ್ತರ ಸಿಕ್ಕಿತು.

ಹಾಗಾದರೆ ಗಾಳಿ ಯಾಕೆ ಹೋಗಲಿಲ್ಲ? ತಿರುಪು ತೆರೆದೇ ಇತ್ತು. ಆದರೆ ಮುಚ್ಚಳದ ಮೇಲೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಸುತ್ತ ಸೈಕಲ್ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿತ್ತು. ಯಾರು ಕಟ್ಟಿದ್ದು? ದೋಣಿಯವರು. ಯಾರು ಕಟ್ಟಲು ಹೇಳಿದ್ದು? ಹಿಂದಿನ ವರ್ಷ, 2022ರಲ್ಲಿ, ಮಳೆನೀರು ಟ್ಯಾಂಕಿಗೆ ಇಳಿದು ತೊಂದರೆಯಾಗಿತ್ತು. ಆ ಬಗ್ಗೆ ನಮ್ಮ ಠರಾವು ಪುಸ್ತಕದಲ್ಲಿ ಹೀಗಿದೆ: 'ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೆ ಮಳೆನೀರು ಸೋಕದಂತೆ ಪ್ಲಾಸ್ಟಿಕ್ ಹೊದಿಸಿ ಭದ್ರವಾಗಿ ಕಟ್ಟತಕ್ಕದ್ದು.' ಸೂಚಿಸಿದವರು ನಾವೇ. ಬರೆದ ಅಕ್ಷರವೂ ನಮ್ಮದೇ.

ಮುಂದಿನ ಸಭೆಯಲ್ಲಿ ಆ ಠರಾವನ್ನು ರದ್ದು ಮಾಡಿದೆವು, ತಡೆದ ಸಂಬಳ ಕೊಟ್ಟೆವು, ಎಲ್ಲರೆದುರು ಕ್ಷಮೆ ಕೇಳಿದೆವು. ಅವರು ಸಂಬಳ ತೆಗೆದುಕೊಂಡರು, ಮಾತಿಗೆ ತಲೆಯಾಡಿಸಿದರು. ಅವರ ಮನೆಯವರು ಮಾತ್ರ ಆಮೇಲೆ ಒಂದು ವರ್ಷ ನಮ್ಮ ಸಂಘದ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಹತ್ತದಿದ್ದದ್ದು ಸರಿ ಅಂತಲೇ ನಮ್ಮ ಅಭಿಪ್ರಾಯ.

ಈಗ ಮಳೆನೀರಿಗೆ ಏನು ಮಾಡಿದ್ದೀರಿ ಅಂತ ಕೇಳುತ್ತೀರಿ. ಹಳೆಯ ಪ್ಲಾಸ್ಟಿಕ್ ಕ್ಯಾನನ್ನು ಅರ್ಧ ಕೊಯ್ದು, ಮುಚ್ಚಳದ ಮೇಲೆ ಕೊಡೆಯ ಹಾಗೆ ಕವುಚಿದ್ದೇವೆ. ಮೇಲಿಂದ ನೀರಿಲ್ಲ, ಬದಿಯಿಂದ ಗಾಳಿ ಉಂಟು. ಖರ್ಚು ಸೊನ್ನೆ. ದೋಣಿ ಹೊರಡುವಾಗ ತಿರುಪು ಬಿಚ್ಚಬೇಕು, ಟ್ಯಾಂಕ್ ಹೊತ್ತು ತರುವಾಗ ಮುಚ್ಚಬೇಕು. ತಿರುಪಿಗೆ ಕೆಂಪು ಬಣ್ಣ ಬಳಿದಿದ್ದೇವೆ.

ಇಷ್ಟಾದ ಮೇಲೆ ನಾವು ದೋಣಿಯವರ ಹತ್ತಿರವೂ, ನಾಡದೋಣಿಯ ಮೊಗವೀರ ಬಂಧುಗಳ ಹತ್ತಿರವೂ ಕೂತು, ನಿಂತು ಹೊರಡುವ ಇಂಜಿನ್ನನ್ನು ಹೇಗೆ ನೋಡಬೇಕು ಅಂತ ಕಲಿತೆವು. ದೋಣಿ ಇರುವ ಸದಸ್ಯರು ಇಲ್ಲಿ ತುಂಬಾ ಜನ ಇದ್ದೀರಿ, ಆದ್ದರಿಂದ ಹೇಳುತ್ತೇವೆ.

ಮೊಟ್ಟಮೊದಲು ಅದು ಹೇಗೆ ನಿಂತಿತು ಅಂತ ಕಿವಿಗೊಡಿ. ಏದುಸಿರು ಬಿಟ್ಟು, ಬಲ ಕುಂದಿ ನಿಧಾನವಾಗಿ ನಿಂತರೆ ಹೆಚ್ಚಾಗಿ ಪೆಟ್ರೋಲಿನ ದೋಷ. ದೀಪ ಆರಿಸಿದ ಹಾಗೆ 'ಟಪ್' ಅಂತ ನಿಂತರೆ ಹೆಚ್ಚಾಗಿ ಕರೆಂಟಿನ ದೋಷ. ನೂರಕ್ಕೆ ನೂರು ಹೀಗೇ ಅನ್ನುವಂತಿಲ್ಲ, ಆದರೆ ಎಲ್ಲಿಂದ ಹುಡುಕಬೇಕು ಅಂತ ಗೊತ್ತಾಗುತ್ತದೆ. ಈ ಒಂದು ಮಾತು ನಮಗೆ ಮೊದಲೇ ಗೊತ್ತಿದ್ದರೆ ಕಾಯಿಲಿಗೆ ದುಡ್ಡು ಹಾಕುತ್ತಿರಲಿಲ್ಲ.

ನಿಧಾನ ನಿಲ್ಲುವುದಾದರೆ ಬಲ್ಬನ್ನು ಮುಟ್ಟಿ ನೋಡಿ. ಚಪ್ಪಟೆಯಾಗಿದ್ದರೆ ಟ್ಯಾಂಕಿನ ಕಡೆ ಎಲ್ಲೋ ತಡೆ ಇದೆ: ಗಾಳಿ ತಿರುಪು ಮುಚ್ಚಿದೆ, ಟ್ಯಾಂಕಿನೊಳಗಿನ ಜಾಳಿಗೆ ಕಸ ಹಿಡಿದಿದೆ, ಇಲ್ಲವೇ ಪೈಪು ಚೀಲದ ಅಡಿಯಲ್ಲಿ ಮಡಚಿದೆ. ಬಲ್ಬು ಎಷ್ಟು ಒತ್ತಿದರೂ ಗಟ್ಟಿಯಾಗದೆ ಮೆತ್ತಗೇ ಇದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ, ಅಥವಾ ಬಲ್ಬಿನ ಒಳಗಿನ ವಾಲ್ವ್ ಹೋಗಿದೆ. ಪೈಪು ಕೂಡಿಸುವ ಕನೆಕ್ಟರಿನ ರಬ್ಬರ್ ರಿಂಗನ್ನು ನೋಡಿ, ಅದು ಸವೆದರೆ ಪೆಟ್ರೋಲ್ ಹೊರಗೆ ಸೋರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಇಂಜಿನ್ ಸಾಯುತ್ತಿರುವಾಗ ಬಲ್ಬನ್ನು ಒತ್ತುತ್ತಾ ಹೋದರೆ ಮತ್ತೆ ಜೀವ ಬಂದು ಓಡುತ್ತದೆ ಅಂತಾದರೆ, ಇಂಜಿನ್ನಿನ ಪೆಟ್ರೋಲ್ ಪಂಪಿನ ಪೊರೆಯ ಮೇಲೂ ಅನುಮಾನ ಇಡಿ. ಹಾಗೆ ಒತ್ತುತ್ತಾ ಒತ್ತುತ್ತಾ ದಡಕ್ಕೆ ಬರಲೂಬಹುದು. ಬಲ್ಬಿನ ಮೇಲಿನ ಬಾಣದ ಗುರುತು ಇಂಜಿನ್ ಕಡೆ ಇರಬೇಕು. ಹೊಸ ಬಲ್ಬು ಹಾಕುವಾಗ ತಿರುವುಮುರುವು ಹಾಕಿದವರೂ ನಮ್ಮಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.

ಪೆಟ್ರೋಲಿನಲ್ಲಿ ನೀರಿದೆಯೋ ಎಂಬುದಕ್ಕೆ ಟ್ಯಾಂಕಿನ ತಳದಿಂದ ಸ್ವಲ್ಪ ತೆಗೆದು ಗಾಜಿನ ಬಾಟ್ಲಿಯಲ್ಲಿ ಇಟ್ಟು ನೋಡಿ. ನೀರಿದ್ದರೆ ಅಡಿಯಲ್ಲಿ ಬೇರೆ ಪದರವಾಗಿ ನಿಲ್ಲುತ್ತದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥನಾಲ್ ಬೆರೆಸುತ್ತಾರೆ. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ, ಮಿತಿ ಮೀರಿದರೆ ನೀರನ್ನೂ ಕರೆದುಕೊಂಡು ತಳಕ್ಕೆ ಇಳಿಯುತ್ತದೆ. ಪೈಪು ಹೀರುವುದು ತಳದಿಂದಲೇ. ಆದ್ದರಿಂದ ನಮ್ಮ ಮಳೆಗಾಲದಲ್ಲಿ ತಿಂಗಳುಗಟ್ಟಲೆ ಪೆಟ್ರೋಲ್ ಇಟ್ಟುಕೊಳ್ಳಬೇಡಿ. ಹಳೆಯ ಇಂಜಿನ್ನುಗಳ ರಬ್ಬರ್ ಪೈಪಿಗೂ ಇದು ಅಷ್ಟು ಒಳ್ಳೆಯದಲ್ಲ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಪದರ ಎದ್ದಿರಬಹುದು, ಆ ಪದರ ಬಾಗಿಲಿನ ಹಾಗೆ ಮುಚ್ಚಿ ತೆರೆಯುತ್ತದೆ. ನಿಧಾನ ಓಡುವಾಗ ಏನೂ ಗೊತ್ತಾಗುವುದಿಲ್ಲ.

ಇನ್ನು 'ಟಪ್' ಅಂತ ನಿಲ್ಲುವುದರ ಬಗ್ಗೆ. ಅದೂ ನಮಗೆ ಬಂತು, 2024ರ ಸೆಪ್ಟೆಂಬರಿನಲ್ಲಿ. ಅಳಿವೆಯ ಕಡೆಯಿಂದ ತೆರೆ ಬಂದು ದೋಣಿ ಕುಲುಕಿದರೆ ಇಂಜಿನ್ ಒಮ್ಮೆಗೇ ಬಂದ್. ಮತ್ತೆ ಎಳೆದರೆ ಹೊರಡುತ್ತದೆ. ಈ ಸಲ ನಾವು ಗ್ಯಾರೇಜಿಗೂ ಓಡಲಿಲ್ಲ, ಸಭೆಯನ್ನೂ ಕರೆಯಲಿಲ್ಲ. ದೋಣಿಯವರು ಇಂಜಿನ್ ಓಡುತ್ತಿರುವಾಗಲೇ ಸ್ವಿಚ್ಚಿನ ವಯರನ್ನು ಕೋಲಿನಿಂದ ಮೆಲ್ಲ ಅಲ್ಲಾಡಿಸುತ್ತಾ ಬಂದರು. ಒಂದು ಕಡೆ ಮುಟ್ಟಿದ ಕೂಡಲೇ ಬಂದ್. ಇಂಜಿನ್ ನಿಲ್ಲಿಸುವ ಸ್ವಿಚ್ಚು ಕೆಲಸ ಮಾಡುವುದೇ ಕರೆಂಟನ್ನು ಇಂಜಿನ್ನಿನ ಮೈಗೆ ಇಳಿಸಿಬಿಟ್ಟು. ಉಪ್ಪುನೀರಿಗೆ ಆ ವಯರಿನ ಸಿಪ್ಪೆ ಒಡೆದು ತಾಮ್ರ ಹಸಿರುಗಟ್ಟಿತ್ತು, ಕುಲುಕಿದಾಗ ಮೈಗೆ ತಾಗಿ ತಾನೇ ಸ್ವಿಚ್ಚು ಒತ್ತಿದಂತಾಗುತ್ತಿತ್ತು. ಖಚಿತ ಮಾಡಿಕೊಳ್ಳಲು ಕಡವಿನಲ್ಲಿ ಕಟ್ಟಿದ ದೋಣಿಯಲ್ಲೇ ಆ ವಯರನ್ನು ಬಿಡಿಸಿಟ್ಟು ಓಡಿಸಿದರು. ಎಷ್ಟು ಕುಲುಕಿದರೂ ನಿಲ್ಲಲಿಲ್ಲ. ಹಾಗೆ ಬಿಡಿಸಿದಾಗ ಸ್ವಿಚ್ಚಿನಿಂದ ಇಂಜಿನ್ ನಿಲ್ಲುವುದಿಲ್ಲ, ಚೋಕ್ ಎಳೆದು ನಿಲ್ಲಿಸಬೇಕು. ಪರೀಕ್ಷೆ ಮುಗಿದ ಮೇಲೆ ಹೊಸ ವಯರ್ ಹಾಕಿ ಕೂಡಿಸಲೇಬೇಕು. ಕೈಗೆ ಕಟ್ಟುವ ಹಗ್ಗದ ಕ್ಲಿಪ್ಪನ್ನು ಉಪದ್ರ ಅಂತ ತೆಗೆದು ಹಾಕಿದವರನ್ನು ನೋಡಿದ್ದೇವೆ. ನಡೆಸುವವನೇ ನೀರಿಗೆ ಬಿದ್ದರೆ ತಿರುಗುವ ಫ್ಯಾನಿನ ದೋಣಿ ಅವನ ಮೇಲೇ ಬರುತ್ತದೆ. ಅದನ್ನು ತೆಗೆಯಬಾರದು.

ಇಂಜಿನ್ ಬಿಸಿಯಾದ ಮೇಲೆ ಮಾತ್ರ ನಿಂತು, ಅರ್ಧ ಗಂಟೆ ತಣಿದರೆ ಹೊರಡುವುದಾದರೆ ಕಾಯಿಲ್ ಅಥವಾ ಸಿ.ಡಿ.ಐ. ಇರಬಹುದು. ನಿಂತ ಕೂಡಲೇ, ಬಿಸಿ ಇರುವಾಗಲೇ, ಕಿಡಿ ನೋಡಬೇಕು. ತಣಿದ ಮೇಲೆ ನೋಡಿದರೆ ಕಿಡಿ ಬಂದೇ ಬರುತ್ತದೆ. ಆದರೆ ಹಾಗೆ ನೋಡುವಾಗ ಪೆಟ್ರೋಲ್ ಟ್ಯಾಂಕನ್ನು ದೂರವಿಟ್ಟು, ಚೆಲ್ಲಿದ್ದನ್ನು ಒರೆಸಿ, ಪ್ಲಗ್ಗಿನ ಲೋಹವನ್ನು ಇಂಜಿನ್ನಿನ ಮೈಗೆ ತಾಗಿಸಿ ಹಿಡಿಯಬೇಕು. ದಡದಲ್ಲಿ ಮಾಡಿ, ಹೊಳೆಯಲ್ಲಿ ಬೇಡ.

ಬಿಸಿಯ ಮಾತು ಬಂದದ್ದರಿಂದ ಇನ್ನೊಂದು. ಇಂಜಿನ್ನಿನ ಹಿಂದಿನಿಂದ ಮೂತ್ರಧಾರೆಯ ಹಾಗೆ ನೀರು ಹಾರುತ್ತದಲ್ಲ, ಅದರ ಮೇಲೆ ಯಾವಾಗಲೂ ಒಂದು ಕಣ್ಣಿರಲಿ. ಅದು ನಿಂತರೆ ತಂಪಿನ ನೀರು ಹೋಗುತ್ತಿಲ್ಲ ಅಂತ ಅರ್ಥ, ತಕ್ಷಣ ಇಂಜಿನ್ ನಿಲ್ಲಿಸಿ. ನಮ್ಮ ಹೊಳೆಯಲ್ಲಿ ಬಹಳ ಸಲ ಪ್ಲಾಸ್ಟಿಕ್ ತೊಟ್ಟೆ ಬಂದು ನೀರು ಹೀರುವ ಕಿಂಡಿಗೆ ಅಂಟುತ್ತದೆ. ಆ ತೊಟ್ಟೆ ಹೊಳೆಗೆ ಎಸೆದವರೂ ನಾವೇ ಅಲ್ಲವೇ, ಇರಲಿ. ಒಳಗಿನ ರಬ್ಬರ್ ಚಕ್ರ ಮರಳು, ಕೆಸರಿಗೆ ಸವೆಯುತ್ತದೆ, ಮಳೆಗಾಲಕ್ಕೆ ಮುಂಚೆ ಬಿಚ್ಚಿಸಿ ನೋಡಿ. ನೀರಿಲ್ಲದೆ ದಡದಲ್ಲಿ 'ಸ್ಟಾರ್ಟ್ ಆಗ್ತದಾ ನೋಡುವ' ಅಂತ ಓಡಿಸಿದರೆ ಆ ಚಕ್ರ ಸುಟ್ಟು ಹೋಗುತ್ತದೆ. ವಾರಕ್ಕೊಮ್ಮೆಯಾದರೂ ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ ಉಪ್ಪು ತೊಳೆಯಬೇಕು.

ಕೊನೆಯದಾಗಿ ದೋಣಿಯಲ್ಲಿ ಇರಬೇಕಾದದ್ದು. ಹುಟ್ಟು, ಗಳ, ಉದ್ದ ಹಗ್ಗದ ಲಂಗರು, ಪ್ರತಿಯೊಬ್ಬರಿಗೂ ಒಂದು ಲೈಫ್ ಜಾಕೆಟ್. ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಒಂದು ತುಂಡು ಹಗ್ಗ. ಇಂಜಿನ್ ನಿಂತರೆ ಮೊದಲು ಲಂಗರು, ಆಮೇಲೆ ಇಂಜಿನ್. ಆ ಸಂಜೆ ಏಳು ಜನ ಉಳಿದದ್ದು ಇಂಜಿನ್ನಿನಿಂದಲ್ಲ, ಆ ಲಂಗರಿನಿಂದ. ಎಸೆದವರು ನಾವು ಕಳ್ಳ ಅಂದವರು.

ಸಂಘದ ಕಚೇರಿಯಲ್ಲಿ ಈಗ ರಬ್ಬರ್ ಬಲ್ಬು, ಪೈಪು, ಕನೆಕ್ಟರ್ ರಿಂಗು, ಪ್ಲಗ್ಗುಗಳನ್ನು ಇಟ್ಟಿದ್ದೇವೆ. ಸದಸ್ಯರಿಗೆ ಅಸಲು ಬೆಲೆಗೆ ಸಿಗುತ್ತದೆ, ಸಾಲ ಮಾತ್ರ ಇಲ್ಲ. ಊಟ ಮುಗಿದ ಮೇಲೆ ಮೂರು ಗಂಟೆಗೆ ದೋಣಿ ಇರುವವರೆಲ್ಲ ಕಡವಿಗೆ ಬನ್ನಿ. ದೋಣಿಯವರು ಅಲ್ಲಿರುತ್ತಾರೆ. ದೋಣಿಯನ್ನು ಕಂಬಕ್ಕೆ ಕಟ್ಟಿ, ಮುಚ್ಚಳಕ್ಕೆ ಹಳೆಯ ಪ್ಲಾಸ್ಟಿಕ್ಕನ್ನೇ ಕಟ್ಟಿ, ಇಂಜಿನ್ ಹೇಗೆ ನಿಲ್ಲುತ್ತದೆ ಅಂತ ತೋರಿಸುತ್ತಾರೆ. ಹನ್ನೆರಡು ನಿಮಿಷ ಕಾಯುವ ತಾಳ್ಮೆ ಬೇಕು.